ಬಿಳಿ ಪಟ್ಟಿಯ ಸಾಲು

ನನ್ನ ಬೆನ್ನಿನ ಮೇಲೆ ಆಣೆ, ಇದು ನಡೆದದ್ದು. ದೇವರ ಮೇಲೆ ಆಣೆ ಇಡುವವರು ಇಡಲಿ. ದೇವರು ಈ ಆಸ್ಪತ್ರೆಯಲ್ಲಿ ಒಂದು ದಿನವೂ ಸ್ಟ್ರೆಚರ್ ತಳ್ಳಿಲ್ಲ. ನನ್ನ ಬೆನ್ನು ತಳ್ಳಿದೆ. ಅದಕ್ಕೆ ಎಲ್ಲ ಗೊತ್ತು.

ಇಲ್ಲಿ ಎಲ್ಲರೂ ನನ್ನನ್ನು ಬುರುಡೆ ಎನ್ನುತ್ತಾರೆ. ಬುರುಡೆ ಬಿಡುತ್ತೇನಲ್ಲ, ಅದಕ್ಕೆ. ಹುಟ್ಟಿದಾಗ ಇಟ್ಟ ಹೆಸರನ್ನು ಈಗ ಯಾರಾದರೂ ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಆದರೆ ಈ ಕಥೆಗೆ ನಾನು ಏನೂ ಸೇರಿಸಿಲ್ಲ. ಮಧ್ಯದಲ್ಲಿ ಒಂದು ನಾಯಿ ಬರುತ್ತದೆ. ಅದರ ಗಾತ್ರದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು, ಅಷ್ಟೇ.

ನೀವು ಹಾಗೇ ಮಲಗಿರಿ. ಎಕ್ಸ್‌ರೇ ಆಯಿತು, ಇನ್ನು ವಾರ್ಡಿಗೆ ಇಳಿಯುವುದೊಂದೇ ಬಾಕಿ. ಲಿಫ್ಟು ಬರುವುದು ತಡ. ಮೇಲಿನ ಮಹಡಿಯ ದುಡ್ಡಿನ ರೂಮುಗಳಿಗೆ ಊಟದ ಗಾಡಿ ಹೋಗುವ ಹೊತ್ತು ಇದು. ಅವರದು ಮುಗಿಯುವವರೆಗೆ ಲಿಫ್ಟು ನಮ್ಮ ಕಡೆ ತಲೆ ಹಾಕುವುದಿಲ್ಲ. ಕೈ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಗಾಳಿಗೆ ಮಾತ್ರ ಅಲ್ಲ, ಇನ್ನೊಂದು ಕಾರಣವೂ ಇದೆ. ಅದು ಆಮೇಲೆ.

ನೀವು ಮಲಗಿರುವ ಈ ಸ್ಟ್ರೆಚರಿನ ಮುಂದಿನ ಬಲಚಕ್ರ ತಿರುಗುವುದಿಲ್ಲ. ಗೋಡೆಯ ಕಡೆಗೇ ಎಳೆಯುತ್ತದೆ. ನೇರ ಹೋಗಬೇಕಾದರೆ ಎಡಗಡೆ ಸೊಂಟ ಕೊಟ್ಟು ಒತ್ತಬೇಕು. ವರ್ಷಗಟ್ಟಲೆ ಒತ್ತಿ ನನ್ನ ಸೊಂಟವೇ ಒಂದು ಕಡೆ ವಾಲಿದೆ. ಸಂಜೆಗೆ ಪಾದ ಊದಿ ಚಪ್ಪಲಿಯ ಉಂಗುಟ ಮಾಂಸದೊಳಗೆ ಇಳಿದಿರುತ್ತದೆ. ಚಕ್ರ ಬದಲಾಯಿಸಿ ಎಂದರೆ ಕಂಟ್ರಾಕ್ಟರು, "ಗಾಡಿ ಹೋಗ್ತಾ ಇದೆಯಲ್ಲೋ" ಎನ್ನುತ್ತಾನೆ. ಗಾಡಿ ಎಲ್ಲಿ ಹೋಗುತ್ತದೆ ಸ್ವಾಮಿ? ನಾನು ಹೋಗುತ್ತೇನೆ, ಅದು ನನ್ನ ಜೊತೆ ಬರುತ್ತದೆ.

ಅದಕ್ಕೇ ಮಾತಾಡುವುದು. ಮಾತಾಡುತ್ತಿದ್ದರೆ ಭಾರ ಗೊತ್ತಾಗುವುದಿಲ್ಲ. ಆಪರೇಶನ್ನಿಗೆ ಹೋಗುವವರ ಕೈಕಾಲು ತಣ್ಣಗಾಗಿರುತ್ತವೆ. ಅವರಿಗೆ ಹೇಳುತ್ತೇನೆ, ಈ ಗಾಡಿ ಒಮ್ಮೆ ಇಳಿಜಾರಿನಲ್ಲಿ ಕೈ ತಪ್ಪಿ, ಗೇಟು ದಾಟಿ, ಸೀದಾ ಮಾರ್ಕೆಟ್ಟಿಗೆ ಹೋಯಿತು. ಮೇಲೆ ಮಲಗಿದ್ದ ಯಜಮಾನರು ಮಲಗಿದಲ್ಲೇ ಚೌಕಾಸಿ ಮಾಡಿ ಟೊಮ್ಯಾಟೊ ಕೊಂಡರು. ವಾಪಸು ಬಂದು ಅದನ್ನು ಡಾಕ್ಟರ ಕೈಗೆ ಕೊಟ್ಟು, ಹೊಟ್ಟೆನೋವು ಹೋಯ್ತು ಸ್ವಾಮಿ ಎಂದು ನಡೆದುಕೊಂಡು ಮನೆಗೆ ಹೋದರು. ಕೇಳಿದವರು ನಗುತ್ತಾರೆ. ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದುಕೊಂಡು ಬೈಯುತ್ತಾರೆ. ನೀವು ಮಾತ್ರ ನಗಬೇಡಿ, ಹೊಲಿಗೆ ಹಸಿ ಇದೆ.

ಒಂದು ದಿನ ಲಿಫ್ಟಿನಲ್ಲಿ ಅಧ್ಯಯನದ ಮೇಡಂ ನನ್ನ ಪಕ್ಕ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ರೋಗಿಗಳು ಹೇಗೆ ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಅವರಿಗೇ ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ನೀನು ದಿನಾ ಹೀಗೇ ಮಾತಾಡ್ತೀಯಾ?" ಎಂದರು.

"ಬಾಯಿ ಮುಚ್ಚಿದ್ರೆ ಸೊಂಟ ನೋಯುತ್ತೆ ಮೇಡಂ."

ಮರುದಿನ ಕರೆಸಿದರು. ಆಪರೇಶನ್ ಆದವರು ಬೇಗ ಎದ್ದು ಓಡಾಡಬೇಕು ಎಂದರು. ಏಳದೆ ಬಿದ್ದುಕೊಂಡರೆ ಎದೆಯಲ್ಲಿ ಕಫ ಕೂರುತ್ತದೆ, ಕಾಲಿನಲ್ಲಿ ರಕ್ತ ಗಡ್ಡೆ ಕಟ್ಟುತ್ತದೆ. ಔಷಧಿಯ ಜೊತೆಗೆ ಪಕ್ಕದಲ್ಲಿ ಕೂತು ಮಾತಾಡಿಸಿದರೆ, ಕೈ ಹಿಡಿದು ನಡೆಸಿದರೆ ಬೇಗ ಏಳುತ್ತಾರೋ ಇಲ್ಲವೋ, ಅದನ್ನು ಪರೀಕ್ಷೆ ಮಾಡಬೇಕು.

ನನಗೆ ನಗು ಬಂತು. "ಇದನ್ನೂ ಪರೀಕ್ಷೆ ಮಾಡ್ಬೇಕಾ ಮೇಡಂ?"

"ಪುರಾವೆ ಇಲ್ದೆ ಮೇಲಿನೋರು ಒಪ್ಪಲ್ಲಪ್ಪ. ಪುರಾವೆ ಸಿಕ್ಕಿದ್ರೆ ಎಲ್ಲಾ ವಾರ್ಡಿಗೂ ಮಾತಾಡಿಸೋರನ್ನ ತಗೋತಾರೆ. ಖಾಯಂ ಕೆಲಸ. ನಿನಗೂ ಸಿಗುತ್ತೆ."

ಖಾಯಂ! ನಮ್ಮ ಮನೆತನದಲ್ಲಿ ಖಾಯಮ್ಮಾಗಿ ಇದ್ದದ್ದು ಸೊಳ್ಳೆ ಒಂದೇ. ನಾನು ಹೂಂ ಎಂದೆ. ಕೂರಲು ಕುರ್ಚಿ ಕೊಟ್ಟರು. ಆಸ್ಪತ್ರೆಗೆ ಸೇರಿದ ಮೇಲೆ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಬೆನ್ನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ನಿಯಮ ಹೀಗಿತ್ತು. ಕೆಳಗಿನ ಪುಕ್ಕಟೆ ವಾರ್ಡಿನಲ್ಲಿ ಮಂಚಗಳು ಎರಡು ಸಾಲು. ನಡುವೆ ಉದ್ದಕ್ಕೂ ಹಸಿರು ಪರದೆ. ಈ ಸಾಲಿನವರ ಕೈಗೆ ನೀಲಿ ಪಟ್ಟಿ, ಆ ಸಾಲಿನವರ ಕೈಗೆ ಬಿಳಿ ಪಟ್ಟಿ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ. ಔಷಧಿ, ಡ್ರೆಸ್ಸಿಂಗು, ಊಟ ಇಬ್ಬರಿಗೂ ಒಂದೇ. ನೀಲಿಯವರಿಗೆ ಮಧ್ಯಾಹ್ನ ಊಟವಾದ ಮೇಲೆ ನಾನು. ಬಿಳಿಯವರಿಗೆ ನಾನಿಲ್ಲ. ಮನೆಯವರು ಯಾವ ಸಾಲಿಗೂ ಬರುವ ಹಾಗಿಲ್ಲ. ಮನೆಯವರು ಬಂದರೆ ಮಾತಾಡುತ್ತಾರೆ, ಮಾತಾಡಿದರೆ ಲೆಕ್ಕ ಕೆಡುತ್ತದೆ.

"ಬಿಳಿಯೋರಿಗೆ ಒಂದ್ ಮಾತೂ ಬೇಡ್ವಾ ಮೇಡಂ?"

"ಕೆಲಸದ ಮಾತು ನರ್ಸ್ ಆಡ್ತಾರೆ. ನೀನು ಆಡೋ ಹಾಗಿಲ್ಲ. ತಲೆ ಕೂಡ ಆಡಿಸ್ಬೇಡ."

"ಮೇಲಿನ ಮಹಡೀಲಿ ಯಾರಿಗೆ ಬಿಳಿ ಪಟ್ಟಿ?"

"ಅಲ್ಲಿ ಪಟ್ಟಿ ಇಲ್ಲ. ಅವರ ಮನೆಯೋರು ಒಪ್ಪಲ್ಲ."

ಕೇಳಿದಿರಾ? ಮೇಲಿನ ಮಹಡಿಯಲ್ಲಿ ಒಬ್ಬ ರೋಗಿಗೆ ಸುತ್ತ ಆರು ಜನ ಕೂತಿರುತ್ತಾರೆ. ಹೆಂಡತಿ ಕಾಲು ಒತ್ತುತ್ತಾಳೆ, ಭಾವಮೈದ ರಾಜಕೀಯ ಹೇಳುತ್ತಾನೆ, ಅತ್ತೆ ಅಳುತ್ತಾಳೆ. ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಮಾತಿನಿಂದ ಮನುಷ್ಯ ಏಳುತ್ತಾನೆ ಎನ್ನುವುದಕ್ಕೆ ಪುರಾವೆ ಬೇಕಾಗಿರುವುದು ನಮಗೆ ಮಾತ್ರ.

ಇರಲಿ. ನಾನು ಕೆಲಸ ಶುರು ಮಾಡಿದೆ. ನನ್ನದೊಂದು ಪಟ್ಟು ಇದೆ. ಕಥೆಯನ್ನು ಮಂಚದ ಪಕ್ಕ ಪೂರ್ತಿ ಹೇಳುವುದಿಲ್ಲ. ಕುತ್ತಿಗೆಯವರೆಗೆ ತಂದು ನಿಲ್ಲಿಸುತ್ತೇನೆ. "ಉಳಿದಿದ್ದು ಕಿಟಕಿ ಹತ್ರ" ಎಂದು ಎದ್ದು ಹೋಗುತ್ತೇನೆ. ವಾರ್ಡಿನ ಕೊನೆಯಲ್ಲಿ ಒಂದು ದೊಡ್ಡ ಕಿಟಕಿ, ಆಚೆ ರಸ್ತೆ. ಕೊನೆ ಬೇಕಾದವರು ನಡೆದು ಬರಬೇಕು.

ನೀಲಿ ಸಾಲಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ತೊಡೆಯ ಮೂಳೆಗೆ ರಾಡು ಹಾಕಿದ್ದರು. ಮೊದಲ ದಿನ ನನ್ನ ಏಳು ತಲೆಮಾರಿಗೂ ಬೈದ. "ಅಲ್ಲೇ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೋ?" ಎಂದ.

"ಬಸ್ಸು ಮನೆ ಬಾಗ್ಲಿಗೆ ಬರುತ್ತಾ ಅಣ್ಣ? ಸ್ಟಾಪಿಗೆ ನೀನೇ ಬರ್ಬೇಕು."

ವಾಕರ್ ಹಿಡಿದು, ಬೈಯುತ್ತಾ, ಬೆವರುತ್ತಾ ಬಂದ. ಮಾರನೇ ದಿನ ನನಗಿಂತ ಮೊದಲೇ ಕಿಟಕಿಯ ಹತ್ತಿರ ನಿಂತಿದ್ದ.

ನೀಲಿಯವರು ಎದ್ದರು. ಮನೆಗೆ ಹೋದರು. ಮೇಡಂ ನಕ್ಕರು.

ಪರದೆಯ ಆಚೆ ಒಬ್ಬ ಗಾರೆಯವನಿದ್ದ. ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಗೋಡೆಗೆ ಅಂಟಿದ ಕೊನೆಯ ಮಂಚ. ನೀರಿನ ಜಗ್ಗು ತರಲು ನಾನು ಆ ಸಾಲಿನಲ್ಲೇ ಹೋಗಬೇಕಿತ್ತು. ದಿನಾ ಕೈ ಎತ್ತುತ್ತಿದ್ದ.

"ಏನಣ್ಣ, ಆ ಕಡೆ ಅಷ್ಟು ನಗು? ನನಗೂ ಒಂದು ಹೇಳು."

ನಾನು ಜಗ್ಗು ತಗೊಂಡು ಬಂದೆ.

"ನಾನೇನ್ ತಪ್ಪು ಮಾಡ್ದೆ ಅಣ್ಣ? ಕೈ ಪಟ್ಟಿ ಅವರೇ ಕಟ್ಟಿದ್ದು."

ನಾನು ಜಗ್ಗು ತಗೊಂಡು ಬಂದೆ. ಬಾಗಿಲಲ್ಲಿ ಅಧ್ಯಯನದ ಮೇಲ್ವಿಚಾರಕ ನಿಂತು ನನ್ನ ತುಟಿ ನೋಡುತ್ತಿದ್ದ. ತುಟಿ ಅಲ್ಲಾಡಿದರೆ ಕೆಲಸ ಹೋಯಿತು. ನಾಯಿ ಮುಂದೆ ಬಂದರೂ ಛೀ ಎನ್ನುತ್ತೇವೆ. ಆ ಮನುಷ್ಯನಿಗೆ ಒಂದು ಛೀ ಕೂಡ ನನ್ನ ಬಾಯಿಂದ ಸಿಗಲಿಲ್ಲ. ವ್ಯಾಯಾಮ ಮಾಡಿಸುವವರು ಬಂದು "ಎದ್ದೇಳಿ, ನಡೀಬೇಕು" ಎಂದು ಹೋಗುತ್ತಿದ್ದರು. ಎದ್ದು ಎಲ್ಲಿಗೆ ಹೋಗಬೇಕು? ಯಾರ ಹತ್ತಿರ? ಅವನು ಏಳಲಿಲ್ಲ. ಕೈ ಎತ್ತುವುದನ್ನೂ ಬಿಟ್ಟ.

ಒಂದು ಬೆಳಿಗ್ಗೆ ಅವನನ್ನು ಕೆಳಗಿನ ತಣ್ಣನೆಯ ರೂಮಿಗೆ ತಳ್ಳಲು ನನ್ನನ್ನೇ ಕರೆದರು. ಕಾಲಿನ ರಕ್ತದ ಗಡ್ಡೆ ಎದೆಗೆ ಹೋಗಿತ್ತಂತೆ. ಮಾತಿಲ್ಲದೆ ಸತ್ತ ಎಂದು ನಾನು ಹೇಳುವುದಿಲ್ಲ, ನಾನು ಡಾಕ್ಟರಲ್ಲ. ಏಳದೆ ಸತ್ತ. ಏಳುವುದಕ್ಕೆ ಅವನಿಗೆ ಯಾರೂ ಒಂದು ಕಾರಣ ಕೊಟ್ಟಿರಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಟೊಮ್ಯಾಟೊ ಕಥೆ ಹೇಳಿದೆ. ಸತ್ತವರ ಜೊತೆ ಮಾತಾಡಬಾರದೆಂದು ನಿಯಮ ಇರಲಿಲ್ಲ. ತಣ್ಣನೆಯ ರೂಮಿನ ಕಾವಲಿನವನು, "ಏನೋ ಬುರುಡೆ, ಹೆಣಕ್ಕೂ ಬಿಡ್ತೀಯಾ?" ಎಂದು ನಕ್ಕ. ನಾನೂ ನಕ್ಕೆ. ಮತ್ತೇನು ಮಾಡಲಿ?

ಆಮೇಲೆ ಅಕ್ಕ ಬಿದ್ದಳು.

ನಮ್ಮ ಅಕ್ಕ ಇದೇ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳು ಮದುವೆಯಾಗಲಿಲ್ಲ. ಕೇಳಿದರೆ, "ಒಂದು ಕತ್ತೆ ಸಾಕಿದ್ದು ಸಾಲ್ದಾ?" ಎನ್ನುತ್ತಿದ್ದಳು. ಕತ್ತೆ ನಾನೇ. ಮೇಲಿನ ಮಹಡಿಯ ಮೆಟ್ಟಿಲಿಗೆ ಸೋಪಿನ ನೀರು ಹಾಕಿ ಬಗ್ಗಿ ಒರೆಸುತ್ತಿದ್ದಳು. ಜಾರದ ರಬ್ಬರ್ ಬೂಟು ಕೊಡಿ ಎಂದು ಕೇಳಿ ಕೇಳಿ ಬಿಟ್ಟಿದ್ದಳು. ಬರಿಗಾಲು. ಮೇಲಿಂದ ಕೆಳಗೆ ಉರುಳಿದಳು, ಬಕೆಟ್ಟೂ ಅವಳ ಹಿಂದೆಯೇ ಉರುಳಿತು. ಕಂಟ್ರಾಕ್ಟರು ಓಡಿ ಬಂದು ಮೊದಲು ಮೆಟ್ಟಿಲು ಒರೆಸಿಸಿದ. ಆಮೇಲೆ "ನೋಡ್ಕೊಂಡು ನಡೀಬಾರ್ದಾ?" ಎಂದ.

ಅವಳನ್ನು ಆಪರೇಶನ್ನಿಗೆ ತಳ್ಳಿದ್ದು ನಾನೇ, ಇದೇ ಸ್ಟ್ರೆಚರಿನಲ್ಲಿ. ಹಲ್ಲು ಕಚ್ಚಿಕೊಂಡಿದ್ದಳು. "ಚಕ್ರ ಸರಿ ಮಾಡಿಸ್ಕೊಳ್ಳೋ ಮೂದೇವಿ, ಮುರಿದ ಎಲುಬು ಅಲ್ಲಾಡುತ್ತೆ" ಎಂದಳು. ಪುಕ್ಕಟೆ ಮಂಚ ಬೇಕಾದರೆ ಅಧ್ಯಯನಕ್ಕೆ ಒಪ್ಪಬೇಕಿತ್ತು. ಒಪ್ಪಿದಳು. ವಾರ್ಡಿಗೆ ತಂದಾಗ ಅವಳ ಕೈ ನೋಡಿದೆ. ಬಿಳಿ.

ಕೊಟ್ಟ ಮಂಚ ಗಾರೆಯವನದು.

ಮೇಡಂ ಹತ್ತಿರ ಓಡಿದೆ. "ಬದಲಾಯ್ಸಿ ಮೇಡಂ. ನಮ್ಮಕ್ಕ."

"ನಾನು ಆರ್ಸಿದ್ದಲ್ಲಪ್ಪ. ಒಬ್ಬರಿಗೆ ಬದಲಾಯ್ಸಿದ್ರೆ ಇಡೀ ಅಧ್ಯಯನ ಕೆಡುತ್ತೆ."

"ಹಾಗಾದ್ರೆ ಅಧ್ಯಯನದಿಂದ ತೆಗೀರಿ."

"ತೆಗೆದ್ರೆ ಮಂಚ ಖಾಲಿ ಮಾಡ್ಬೇಕು. ಈ ಸ್ಥಿತೀಲಿ ಎಲ್ಲಿಗೆ ಕರ್ಕೊಂಡ್ ಹೋಗ್ತೀಯಾ?"

ಎಲ್ಲಿಗೆ? ನಮ್ಮ ರೂಮಿಗೆ ಏಣಿ ಹತ್ತಿ ಹೋಗಬೇಕು. ಮೇಡಂ ನನ್ನ ಮುಖ ನೋಡಲಿಲ್ಲ. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ಬೈದು ಹಗುರ ಮಾಡಿಕೊಳ್ಳಬಹುದಿತ್ತು.

ಅವತ್ತಿನಿಂದ ನಾನು ಪರದೆಯ ಈಚೆ ಕೂತು ನಗಿಸುತ್ತಿದ್ದೆ. ಆಚೆ ನಮ್ಮಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಜಗ್ಗು ತರಲು ಹೋದಾಗ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅಕ್ಕ ಎನ್ನುವ ಹಾಗಿಲ್ಲ. ಅವಳೂ ಕರೆಯುತ್ತಿರಲಿಲ್ಲ. ಕರೆದರೆ ತಮ್ಮನ ಖಾಯಂ ಕೆಲಸ ಹೋಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಊಟದ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಹೊದಿಕೆಯೊಳಗೆ ಕಾಲು ಕಡ್ಡಿಯಾಗುತ್ತಿತ್ತು. ಕೆಮ್ಮು ಶುರುವಾಗಿತ್ತು.

ನರ್ಸಮ್ಮ ನನ್ನನ್ನು ಮೂಲೆಗೆ ಕರೆದು ಹೇಳಿದರು. "ನೋಡು, ಇನ್ನೂ ನಿಲ್ಲದೇ ಇದ್ರೆ ಅವರು ಮತ್ತೆ ನಿಲ್ಲಲ್ಲ. ಗಡ್ಡೆ ಎದೆಗೆ ಹೋದ್ರೆ ಜೀವಾನೇ ಉಳಿಯಲ್ಲ. ನಾನು ಎಷ್ಟು ಹೇಳಿದ್ರೂ ಗೋಡೇನೇ ನೋಡ್ತಾರೆ."

"ನೀವು ಇನ್ನೊಂಚೂರು ಮಾತಾಡ್ಸಿ ನರ್ಸಮ್ಮ."

"ಇಡೀ ವಾರ್ಡಿಗೆ ನಾನೊಬ್ಳೇ ಕಣಪ್ಪ. ನನಗೇ ಮಾತಾಡ್ಸೋರಿಲ್ಲ."

ಆ ಮಧ್ಯಾಹ್ನ ನಾನು ಕುರ್ಚಿಯನ್ನು ಪರದೆಗೆ ಒತ್ತಿ ಹಾಕಿಕೊಂಡೆ. ಪರದೆಗೆ ಬೆನ್ನು, ನೀಲಿಯವರಿಗೆ ಮುಖ. ಬಾಯಿ ನೀಲಿಯವರ ಕಡೆಗೇ ಇತ್ತು, ಯಾರು ಬೇಕಾದರೂ ನೋಡಲಿ. ಗಂಟಲನ್ನು ಮಾತ್ರ ಬಸ್ ಸ್ಟ್ಯಾಂಡಿನ ಕಂಡಕ್ಟರನ ಹಾಗೆ ಬಿಟ್ಟೆ.

"ಇವತ್ತು ನಮ್ಮಕ್ಕನ ಕಥೆ" ಎಂದೆ. "ಅವಳಷ್ಟು ಪುಕ್ಕಲು ಹೆಂಗಸು ಈ ಭೂಮಿ ಮೇಲೆ ಹುಟ್ಟಿಲ್ಲ."

ಡ್ರೈವರ್ ಅವತ್ತು ಇನ್ನೂ ಇದ್ದ. "ಹೇಳು ಹೇಳು" ಎಂದ.

ನಾವು ಚಿಕ್ಕವರಿದ್ದಾಗ ಇದ್ದದ್ದು ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ. ಓಣಿಗೆ ನಲ್ಲಿ ಇರಲಿಲ್ಲ. ಆಚೆಯ ಗೋದಾಮಿನ ಗೇಟಿನ ಪಕ್ಕ ಒಂದು ನಲ್ಲಿ ಇತ್ತು. ನಾವು ಮುಟ್ಟಿದರೆ ನೀರು ಕೆಡುತ್ತದೆ ಎಂದು ಗೋದಾಮಿನ ಕಾವಲುಗಾರ ನಲ್ಲಿಗೇ ಒಂದು ನಾಯಿ ಕಟ್ಟಿದ್ದ. ಇಲ್ಲಿಯವರೆಗೆ ನಿಜ. ಇನ್ನು ಮುಂದಿನದು ನಾನು ಅವತ್ತು ಹೇಳಿದ್ದು.

"ನಾಯಿ ಅಂದ್ರೆ ನಾಯಿ ಅಲ್ಲ, ಎಮ್ಮೆ. ಬೊಗಳಿದ್ರೆ ಓಣೀಲಿ ತಗಡು ಹಾರೋವು. ನಮ್ಮಕ್ಕ ಕೊಡ ಹಿಡ್ಕೊಂಡು, ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹೋದ್ಳು. ನಾಯಿ ಎದ್ದು ನಿಂತ್ಕೊಳ್ತು. ಅಷ್ಟೇ. ಕೊಡ ಆ ಕಡೆ, ನಾನು ಈ ಕಡೆ. ನಮ್ಮಕ್ಕ ಮರದ ಮೇಲೆ!"

ನೀಲಿಯವರು ಗೊಳ್ಳೆಂದರು. ನಾನು ಕಿವಿಯನ್ನು ಬೆನ್ನಿಗೆ ಇಟ್ಟುಕೊಂಡಿದ್ದೆ. ಆಚೆ ಮಂಚ ಕಿರ್ರ್ ಎಂದಿತು.

"ಮರಾನಾ?"

ಎಷ್ಟೋ ದಿನ ಮುಚ್ಚಿಟ್ಟ ಬಾಗಿಲಿನ ಹಾಗಿತ್ತು ಆ ದನಿ. "ಆ ಓಣೀಲಿ ಮರ ಎಲ್ಲಿತ್ತೋ, ಕತ್ತೆ?"

ನಾನು ಉತ್ತರ ಕೊಡಲಿಲ್ಲ. ನಿಯಮ ನಿಯಮವೇ. ನೀಲಿಯವರಿಗೇ ಹೇಳಿದೆ. "ಮರದ ಮೇಲೆ ಕೂತು ಗೊಳೋ ಅಂತ ಅಳ್ತಾಳೆ. ನಾಯಣ್ಣ, ನಾಯಣ್ಣ, ನನ್ನ ಬಿಟ್ಬಿಡು, ಬೇಕಾದ್ರೆ ನನ್ನ ತಮ್ಮನ್ನ ತಿನ್ನು, ಅವನು ಮೆತ್ತಗಿದ್ದಾನೆ ಅಂತಾಳೆ."

"ಲೋ! ಸುಳ್ಳು! ನಾನ್ಯಾವತ್ತೋ ಅತ್ತೆ?"

"ಆಮೇಲೆ ಏನಾಯ್ತು ಗೊತ್ತಾ?" ಎಂದು ಎದ್ದೆ. "ಉಳಿದಿದ್ದು ಕಿಟಕಿ ಹತ್ರ."

ನೀಲಿ ಸಾಲು ವಾಕರ್ ಟಕಟಕ ಎನಿಸುತ್ತಾ ನನ್ನ ಹಿಂದೆ ಹೊರಟಿತು. ನಾನು ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತಾ ನಿಂತೆ. ತಿರುಗಲಿಲ್ಲ. ತಿರುಗಿದರೆ ಓಡಿ ಹೋಗಿ ಹಿಡಿದುಕೊಳ್ಳುತ್ತಿದ್ದೆ. ಹಿಂದೆ ಪರದೆಯ ಬಳೆಗಳು ಜಲ್ ಎಂದವು.

"ಅಯ್ಯೋ, ಹುಷಾರು ಅಮ್ಮ" ಎಂದ ಡ್ರೈವರ್.

ತಿರುಗಿದೆ. ಅಕ್ಕ ನಿಂತಿದ್ದಳು. ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದಿದ್ದಳು. ತುಟಿ ಒಡೆದಿತ್ತು. ಕೂದಲು ಒಂದು ಕಡೆ ಚಪ್ಪಟೆಯಾಗಿ ಅಂಟಿತ್ತು. ಒಂದು ಹೆಜ್ಜೆ ಇಟ್ಟಳು, ನೋವಿಗೆ ಬಾಯಿ ತೆರೆದಳು, ಆ ಬಾಯಿಂದ ಬೈಗುಳ ಬಂತು. ಇನ್ನೊಂದು ಹೆಜ್ಜೆ, ಇನ್ನೊಂದು ಬೈಗುಳ. ಮಂಚದಿಂದ ಮಂಚಕ್ಕೆ ಕಂಬಿ ಹಿಡಿದು ಬಂದಳು. ಅವಳ ಹಿಂದೆ ಬಿಳಿ ಸಾಲಿನ ಒಬ್ಬ ಅಜ್ಜಿ ಎದ್ದಳು, ಆಪರೇಶನ್ ಆದ ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು. ಅವಳ ಹಿಂದೆ ಇನ್ನೊಬ್ಬ. ನಾಯಿ ಏನು ಮಾಡಿತು ಎಂದು ಅವರಿಗೂ ಬೇಕಿತ್ತು.

ಅಕ್ಕ ಬಂದವಳೇ ನನ್ನ ಕೆನ್ನೆಗೆ ಬಾರಿಸಿದಳು. ಏಟಿನಲ್ಲಿ ಶಕ್ತಿ ಇರಲಿಲ್ಲ. ಅದಕ್ಕೇ ನನಗೆ ಅಳು ಬಂತು. ಆಮೇಲೆ ಅದೇ ಕೆನ್ನೆಗೆ ತಲೆ ಆನಿಸಿ ನನ್ನ ಮೇಲೆ ಒರಗಿಕೊಂಡಳು.

"ಇವನು ಹೇಳಿದ್ದೆಲ್ಲ ಬುರುಡೆ" ಎಂದಳು ಎಲ್ಲರಿಗೂ. "ನಡೆದಿದ್ದು ನಾನು ಹೇಳ್ತೀನಿ."

ಹೇಳಿದಳು. ನೀಲಿ ಬಿಳಿ ಎಲ್ಲ ಒಂದೇ ಕಿಟಕಿಯ ಹತ್ತಿರ ಒತ್ತಿಕೊಂಡು ಕೇಳಿದವು. ನರ್ಸಮ್ಮ ಇಂಜೆಕ್ಷನ್ನಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಏನೂ ಕಾಣದವರ ಹಾಗೆ ನಿಂತು ಪೂರ್ತಿ ಕೇಳಿದರು. ಮೇಲ್ವಿಚಾರಕ ಊಟಕ್ಕೆ ಹೋಗಿದ್ದ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ನಾನು ನೀಲಿಯವರಿಗೇ ಹೇಳುತ್ತಿದ್ದೆ, ನಿಯಮದ ಪ್ರಕಾರ. ಗಂಟಲು ದೊಡ್ಡದಾದರೆ ನಾನೇನು ಮಾಡಲಿ? ಬಿಳಿಯವರು ಏಳುವುದು ಕಲಿತರು. ಅಕ್ಕ ತಟ್ಟೆ ಖಾಲಿ ಮಾಡತೊಡಗಿದಳು. ಬೈಯಲು ಶಕ್ತಿ ಬೇಕಲ್ಲ.

ಕೊನೆಗೆ ಎರಡೂ ಸಾಲಿನ ಲೆಕ್ಕ ಕೂಡಿಸಿ ನೋಡಿದರು. ಮೇಡಂಗೂ ಮೇಲಿನ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಎ.ಸಿ. ಹಾಕಿದ ರೂಮು, ದೊಡ್ಡ ಮೇಜು. ಮೇಡಂ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ನನಗೆ ಕುರ್ಚಿ ಇರಲಿಲ್ಲ.

"ಏನ್ ಮಾಡಿದ್ದೀಯ ಗೊತ್ತಾ ನೀನು?" ಎಂದರು ದೊಡ್ಡ ಡಾಕ್ಟರು. "ಮೊದ್ಲು ಎಷ್ಟು ಚೆನ್ನಾಗಿ ಬರ್ತಿತ್ತು ವ್ಯತ್ಯಾಸ. ನೀಲಿಯೋರು ಏಳ್ತಿದ್ರು, ಬಿಳಿಯೋರು ಏಳ್ತಿರ್ಲಿಲ್ಲ. ಈಗ ಎರಡು ಸಾಲೂ ಒಂದೇ ಆಗಿಬಿಟ್ಟಿದೆ!"

"ಒಂದೇ ಆಗ್ಬಾರ್ದಾ ಸಾರ್?"

ಅವರಿಗೆ ಅರ್ಥವಾಗಲಿಲ್ಲ. ಅಥವಾ ಆಯಿತೋ ಏನೋ, ಮುಖ ಕೆಂಪಾಯಿತು.

"ಮಾತಿನಿಂದ ಏನೂ ಉಪಯೋಗ ಇಲ್ಲ ಅಂತ ಬರುತ್ತೆ ಈಗ. ನೀನೇ ನಿನ್ನ ಕೆಲ್ಸ ಸಾಯ್ಸಿದೆ. ನಿನ್ನಂಥೋರಿಗೆಲ್ಲ ಸಿಗ್ಬೇಕಾಗಿದ್ದ ಕೆಲ್ಸ."

ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದೆ. ಸೊಂಟ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋಯುತ್ತಿತ್ತು.

ಆಗ ಅವರ ದನಿ ಇಳಿಯಿತು. "ನೋಡಪ್ಪ. ಇನ್ನೊಂದು ಸುತ್ತು ಮಾಡ್ತೀವಿ. ಇದನ್ನ ಮರೆತುಬಿಡೋಣ. ಈ ಸಲ ಬಿಳಿ ಸಾಲಿಗೆ ಒಂದು ಉಸಿರೂ ಕೇಳಿಸ್ಬಾರ್ದು. ಒಪ್ಕೋ. ನಿನಗೆ ಖಾಯಂ, ಯೂನಿಫಾರ್ಮ್, ಕುರ್ಚಿ. ನಿಮ್ಮಕ್ಕನಿಗೂ ಕೂತ್ಕೊಂಡು ಮಾಡೋ ಕೆಲ್ಸ ನೋಡೋಣ."

ಸುಳ್ಳು ಹೇಳುವುದಿಲ್ಲ, ಮನಸ್ಸು ಆ ಕುರ್ಚಿಯ ಕಡೆ ಹೋಯಿತು. ಅಕ್ಕ ಕೂತು ಕೆಲಸ ಮಾಡುವುದು ಕಣ್ಣಿಗೆ ಬಂತು. ಎಷ್ಟು ಸುಸ್ತಾಗಿದ್ದೆ ಎಂದರೆ ಹೂಂ ಎನ್ನುವುದೇ ಸುಲಭವಾಗಿತ್ತು. ಆದರೆ ಆ ಗೋಡೆಯ ಪಕ್ಕದ ಮಂಚದಲ್ಲಿ ಈಗ ಯಾರಿದ್ದಾರೆ? ಯಾರೋ ಇದ್ದಾರೆ. ನಾಳೆ ಅವರೂ ಕೈ ಎತ್ತುತ್ತಾರೆ.

"ಆಗಲ್ಲ ಸಾರ್" ಎಂದೆ.

"ಏನು?"

"ಆಗಲ್ಲ. ನನ್ನ ಮಾತು ಕೆಲ್ಸ ಮಾಡುತ್ತೆ ಅಂತ ತೋರ್ಸೋಕೆ ಇನ್ನೊಬ್ಬರು ಮಾತಿಲ್ದೆ ಬಿದ್ದಿರ್ಬೇಕು ಅಂದ್ರೆ, ನನ್ನ ಮಾತು ಕೆಲ್ಸಕ್ಕೆ ಬಾರದ್ದು ಅಂತಾನೇ ಬರ್ಕೊಳ್ಳಿ."

"ಹೊರಗೆ ಹೋಗು."

"ಹೋಗ್ತೀನಿ. ಮೇಲಿನ ಮಹಡಿಗೂ ಒಂದ್ಸಲ ಬಿಳಿ ಪಟ್ಟಿ ಕಟ್ಟಿ ನೋಡಿ ಸಾರ್. ಅಲ್ಲಿಯೋರನ್ನೂ ಗೋಡೆ ಕಡೆ ತಿರುಗ್ಸಿ ಮಲಗ್ಸಿ. ಪುರಾವೆ ಬೇಗ ಸಿಗುತ್ತೆ."

ಬಾಗಿಲು ಜೋರಾಗಿ ಹಾಕಬೇಕೆಂದಿದ್ದೆ. ಅದು ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು. ನಮ್ಮ ಸಿಟ್ಟಿಗೂ ಅವರು ಸ್ಪ್ರಿಂಗ್ ಹಾಕಿಟ್ಟಿದ್ದಾರೆ.

ಮಾತಿನಿಂದ ಉಪಯೋಗವಿಲ್ಲ ಎಂದು ಬರೆದರು. ಕುರ್ಚಿ ಹೋಯಿತು. ಮತ್ತೆ ಇದೇ ಗಾಡಿ ಕೊಟ್ಟರು, ಈ ಚಕ್ರವನ್ನು ನೇರ ಓಡಿಸಲು ಬೇರೆ ಯಾರಿಗೂ ಬರುವುದಿಲ್ಲವಲ್ಲ. ಬಾಯಿ ಮುಚ್ಚಿಕೊಂಡು ತಳ್ಳಬೇಕು, ಅದು ಹೊಸ ನಿಯಮ. ಅಕ್ಕನನ್ನು ಕಂಟ್ರಾಕ್ಟರು ವಾಪಸು ತಗೊಳ್ಳಲಿಲ್ಲ. "ಕುಂಟ್ಕೊಂಡು ನೆಲ ಒರೆಸಿದ್ರೆ ನೋಡೋರಿಗೆ ಚೆನ್ನಾಗಿರುತ್ತಾ?" ಎಂದ. ಅವಳು ಈಗ ಅದೇ ಕಿಟಕಿಯ ಆಚೆ, ರಸ್ತೆಯ ಪಕ್ಕ ಟೀ ಕ್ಯಾನು ಇಟ್ಟುಕೊಂಡು ಕೂರುತ್ತಾಳೆ. ಕುಂಟುತ್ತಾಳೆ, ಆದರೆ ನಡೆಯುತ್ತಾಳೆ. ಬೈಗುಳದಲ್ಲಿ ಕುಂಟು ಇಲ್ಲ.

ಹಾಂ, ಲಿಫ್ಟು ಬಂತು. ತಲೆ ಒಳಗೆ. ನೋಡಿ, ಎಡಗಡೆ ಸೊಂಟ ಕೊಟ್ಟೆ, ನೇರ ಹೋಯಿತು.

ಹೊಸ ಸುತ್ತು ಶುರುವಾಗಿದೆ. ಈ ಸಲ ನೀಲಿಯವರ ಕಿವಿಗೆ ಒಂದು ಯಂತ್ರ ಸಿಕ್ಕಿಸುತ್ತಾರೆ. ಅದರಲ್ಲಿ ಯಾರೋ ಇನಿದನಿಯಲ್ಲಿ ಮಾತಾಡುತ್ತಾರಂತೆ. ಅದು ಪರದೆಯ ಆಚೆಗೆ ಕೇಳಿಸುವುದಿಲ್ಲ, ಯಾರಿಗೂ ಬಾರಿಸಲು ಕೆನ್ನೆ ಕೊಡುವುದಿಲ್ಲ, ಕೆಲಸ ಖಾಯಂ ಮಾಡಿ ಎನ್ನುವುದಿಲ್ಲ. ಬಿಳಿಯವರಿಗೆ ಮೊದಲಿನ ಹಾಗೇ, ಏನೂ ಇಲ್ಲ.

ಈಗ ಹೊದಿಕೆ ಸರಿಸಿ ನಿಮ್ಮ ಕೈ ನೋಡಿಕೊಳ್ಳಿ. ನೋಡಿದಿರಾ? ಬಿಳಿ.

ಹೆದರಬೇಡಿ. ನಾನು ನಿಮ್ಮ ಜೊತೆ ಮಾತಾಡಿಯೇ ಇಲ್ಲ. ಯಾರಾದರೂ ಕೇಳಿದರೆ, ಗಾಡಿಯವನು ತನ್ನಷ್ಟಕ್ಕೆ ತಾನು ಗೊಣಗುತ್ತಿದ್ದ, ತಲೆ ಸರಿ ಇಲ್ಲ ಅನಿಸುತ್ತದೆ ಅನ್ನಿ. ಮೇಲ್ವಿಚಾರಕ ಖುಷಿಯಿಂದ ನಂಬುತ್ತಾನೆ.

ನಾಯಿ ಏನಾಯಿತು ಎಂದು ನೀವು ಕೇಳಲಿಲ್ಲ. ಕೇಳಬೇಕು ಅನಿಸುತ್ತಿದೆ, ಮುಖದಲ್ಲಿ ಕಾಣುತ್ತಿದೆ. ಇಷ್ಟು ಹೇಳುತ್ತೇನೆ. ಅವತ್ತು ನಮ್ಮ ಮನೆಗೆ ತುಂಬಿದ ಕೊಡ ಬಂತು. ಕೊಡದ ಹಿಂದೆ ಬಾಲ ಆಡಿಸುತ್ತಾ ನಾಯಿ ಬಂತು. ನಾಯಿಯ ಹಿಂದೆ ಕೈ ಮುಗಿಯುತ್ತಾ ಆ ಕಾವಲುಗಾರನೂ ಬಂದ. ಮರ ಇರಲಿಲ್ಲ. ನಮ್ಮಕ್ಕ ಅತ್ತಿರಲಿಲ್ಲ. ಹಾಗಾದರೆ ಏನು ಮಾಡಿದಳು?

ಅದು ಅವಳ ಕಥೆ, ಅವಳೇ ಹೇಳಬೇಕು. ನಾಳೆ ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಆಚೆ ಕೂತಿರುತ್ತಾಳೆ. ನಿಮ್ಮ ಮಂಚದಿಂದ ಕಿಟಕಿಗೆ ದಾರಿ ಉದ್ದ ಏನಲ್ಲ, ನೋವು ಮಾತ್ರ ಉದ್ದ. ಕಂಬಿ ಹಿಡಿದು ಹೋಗಿ. ಬೈದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮತ್ತೊಂದು ವಿಷಯ, ಅವಳದೂ ಒಂದು ನಿಯಮ ಇದೆ. ಒಬ್ಬರೇ ಹೋದರೆ ಬಾಯಿ ಬಿಡುವುದಿಲ್ಲ. ಗೋಡೆಯ ಪಕ್ಕದ ಮಂಚದಲ್ಲಿ ಒಬ್ಬ ಗೋಡೆ ನೋಡುತ್ತಾ ಮಲಗಿದ್ದಾನೆ. ಅವನನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ.